ಅರ್ಧ ಬಟ್ಟಲು ಗಂಜಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೌಟಣ್ಣ ಅಂತ. ಇಪ್ಪತ್ತು ವರ್ಷದಿಂದ ಸೌಟು ಹಿಡಿದ ಕೈ. ಒಂದು ಪಾಳಿಗೆ ನಾನೂರು ಜನರಿಗೆ ಬಡಿಸಿ, ಪಾತ್ರೆಯ ತಳ ಕೆರೆಯುವ ಹೊತ್ತಿಗೆ ಯಾವನಾದರೂ ಬಾಗಿಲಲ್ಲಿ ಬಂದು ನಿಂತರೂ ‘ಮುಗೀತು ಹೋಗಯ್ಯ’ ಎಂದ ಮನುಷ್ಯನಲ್ಲ. ಹಸಿದ ಮುಖ ಕಂಡರೆ ಅವನಿಗೆ ಅದೇನು ಕೋಪವೋ, ಯಾರನ್ನೋ ಬೈದುಕೊಳ್ಳುತ್ತಲೇ ತಟ್ಟೆ ತುಂಬಿಸುತ್ತಿದ್ದ. ಇಂಥವನ ಹೆಂಡತಿಯನ್ನು ಆಸ್ಪತ್ರೆಯವರು ಒಂದು ತಿಂಗಳಲ್ಲಿ ಮೂರನೆಯ ಸಲ ಉಪವಾಸ ಕೆಡವಿದ್ದರು. ಅವನ ಹೊಟ್ಟೆ ಉರಿಯದೆ ಇರುತ್ತದೆಯೇ?

ಹೆಂಡತಿ ಅದೇ ಕಾರ್ಖಾನೆಯ ಹೊಲಿಗೆ ವಿಭಾಗದವಳು. ಮೂವತ್ತಾರು ವಯಸ್ಸು, ಹತ್ತು ವರ್ಷದ ಒಬ್ಬಳೇ ಮಗಳು, ನಾಲಿಗೆ ಅವಳ ಕತ್ತರಿಯಷ್ಟೇ ಚೂಪು. ಎರಡು ವರ್ಷದ ಹಿಂದೆ ಕಕ್ಕಸಿನಲ್ಲಿ ರಕ್ತ ಕಂಡಿತ್ತು. ನಾಚಿಕೆಯಿಂದ ಒಂದಿಡೀ ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಸೇರಿ ಅದಕ್ಕೆ ಮೂಲವ್ಯಾಧಿ ಎಂದು ಹೆಸರಿಟ್ಟರು. ಔಷಧಿ ಅಂಗಡಿಯವನೂ ಹೂಂ ಎಂದ, ಬೀದಿ ಕೊನೆಯ ಡಾಕ್ಟರೂ ಮೇಜಿನ ಆ ಕಡೆ ಕೂತೇ ಹೂಂ ಎಂದ. ಮುಲಾಮು, ಮಾತ್ರೆ, ಬಿಸಿನೀರಿನ ಬೋಗುಣಿಯಲ್ಲಿ ಕೂರುವುದು, ಒಂದೇ ಎರಡೇ! ತನ್ನ ಖಾರದ ಕೈಯೇ ಇದಕ್ಕೆಲ್ಲ ಕಾರಣ ಎಂದುಕೊಂಡು ಸೌಟಣ್ಣ ಮನೆಯ ಮೆಣಸಿನಪುಡಿ ಡಬ್ಬಿಯನ್ನೇ ಎತ್ತಿ ಬಿಸಾಡಿದ. ಆರು ತಿಂಗಳು ಮೂವರೂ ಸಪ್ಪೆ ಉಂಡರು. ರಕ್ತ ನಿಲ್ಲಲಿಲ್ಲ, ಮೈ ಮಾತ್ರ ಇಳಿಯುತ್ತ ಬಂತು. ಅವಳು ತನ್ನ ಬಟ್ಟೆಗಳಿಗೆ ಮೂರನೆಯ ಸಲ ಒಳಹೊಲಿಗೆ ಹಾಕಿಕೊಳ್ಳುವುದನ್ನು ನೋಡಿದ ದಿನ ಅವನು ರಜೆ ಹಾಕಿ ದೊಡ್ಡಾಸ್ಪತ್ರೆಗೆ ಕರೆತಂದ.

ದೊಡ್ಡಾಸ್ಪತ್ರೆ ಹೆಸರಿಗೆ ದೊಡ್ಡದು. ಈ ಕಾಯಿಲೆಗೆ ಕೈ ಹಾಕುವ ಸರ್ಜನ್ ಬೇರೆ ಊರಿನಿಂದ ಹದಿನೈದು ದಿನಕ್ಕೊಂದು ಗುರುವಾರ ಬರುತ್ತಿದ್ದರು. ಗಿಡ್ಡ ಮನುಷ್ಯ, ಮೆತ್ತಗಿನ ಮಾತು. ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷೆ ಮಾಡಿದವರು ತಲೆ ಎತ್ತಿ ಸೌಟಣ್ಣನನ್ನೇ ನೋಡಿದರು.

“ಎರಡು ವರ್ಷದಲ್ಲಿ ಯಾರೂ ಹೀಗೆ ಮುಟ್ಟಿ ನೋಡ್ಲಿಲ್ವಾ?”

“ಇಲ್ಲ ಡಾಕ್ಟ್ರೇ.”

“ಬೆರಳಿಗೇ ಸಿಗುತ್ತಲ್ರೀ ಗೆಡ್ಡೆ!”

ಗೆಡ್ಡೆಯ ಚೂರು ಬೇರೆ ಊರಿಗೆ ಹೋಗಿ, ಅಲ್ಲಿಂದ ಉತ್ತರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್. ಇಷ್ಟು ಚಿಕ್ಕ ವಯಸ್ಸಿಗೆ ಇದು ಬರುತ್ತದೆಯೇ ಎಂದು ಸೌಟಣ್ಣ ಜಗಳಕ್ಕೇ ನಿಂತ. ಸರ್ಜನ್ ರೋಗಿಗಳ ಹೆಸರು ಬರೆದಿಟ್ಟ ತಮ್ಮ ಉದ್ದನೆಯ ಪುಸ್ತಕ ತಿರುಗಿಸಿ ತೋರಿಸಿದರು.

“ನೋಡಿ, ಇಲ್ಲಿ ಅರ್ಧಕ್ಕರ್ಧ ಜನ ನಲವತ್ತರೊಳಗಿನವರೇ. ಎಲ್ರೂ ಮೂಲವ್ಯಾಧಿ ಅಂದ್ಕೊಂಡೇ ಬರ್ತಾರೆ. ಹತ್ತರಲ್ಲಿ ಏಳು ಜನ ಬರೋ ಹೊತ್ತಿಗೆ ಕತ್ತರಿ ಹಾಕೋ ಕಾಲ ದಾಟಿರುತ್ತೆ. ನಿಮ್ಮವರದ್ದು ಇನ್ನೂ ದಾಟಿಲ್ಲ, ತೆಗೆದ್ರೆ ಉಳೀತಾರೆ. ಆದ್ರೆ ಕರುಳಿನ ದಾರಿ ಬಹಳ ಕಿರಿದಾಗಿದೆ. ಯಾವತ್ತು ಬೇಕಾದ್ರೂ ಪೂರ್ತಿ ಮುಚ್ಕೊಳ್ಬಹುದು. ಅಷ್ಟರೊಳಗೆ ತೆಗೀಬೇಕು.”

ಅಷ್ಟರೊಳಗೆ! ಆ ಒಂದು ಮಾತು ಸೌಟಣ್ಣನ ತಲೆ ಹೊಕ್ಕಿತು. ಆವತ್ತಿನಿಂದ ಅವನು ದಿನ ಎಣಿಸಲಿಲ್ಲ, ಗುರುವಾರ ಎಣಿಸಿದ. ಮೊದಲನೆಯ ಗುರುವಾರ ಎರಡು ದಿನ ಬರೀ ತಿಳಿನೀರು ಕುಡಿಸಿ, ಎನಿಮಾ ಕೊಟ್ಟು, ಹೊಟ್ಟೆ ಖಾಲಿ ಮಾಡಿ ಮಲಗಿಸಿದ್ದರು. ಮಧ್ಯಾಹ್ನ ಮೂರಕ್ಕೆ ಬಂದು ರಕ್ತ ಸಿಕ್ಕಿಲ್ಲ ಎಂದರು. ಎರಡನೆಯ ಗುರುವಾರ ಮತ್ತೆ ಅದೇ ನೀರು, ಅದೇ ಎನಿಮಾ. ಮತ್ತೆ ಮೂರು ಗಂಟೆ. ಈ ಸಲ ಆಮ್ಲಜನಕದ ಸಿಲಿಂಡರ್ ಬಂದಿಲ್ಲ. ಸೌಟಣ್ಣ ವರಾಂಡದಲ್ಲಿ ನಿಂತು ಬಾಯಿಗೆ ಬಂದಂತೆ ಕೂಗಾಡಿದ. ಹಿರಿಯ ಸಿಸ್ಟರ್, ಎರಡು ವಾರ್ಡಿಗೆ ಒಬ್ಬರೇ ಓಡಾಡುವ ಹೆಂಗಸು, ನಿಂತು ಕೇಳಿಸಿಕೊಂಡು, “ಬೈದು ಮುಗೀತಾ ಅಣ್ಣ? ಈಗ ಆ ಡ್ರಿಪ್ ಬಾಟ್ಲಿ ಸ್ವಲ್ಪ ಎತ್ತಿ ಹಿಡ್ಕೊಳಿ” ಎಂದರು. ಅವನು ಹಿಡಿದುಕೊಂಡ.

ಮೂರನೆಯ ಗುರುವಾರ ಬೆಳಿಗ್ಗೆ ಎಂಟೂವರೆಗೆ ವಾರ್ಡಿನ ಅಟೆಂಡರ್ ಬಂದ. ಆಸ್ಪತ್ರೆಯ ಸುದ್ದಿಯೆಲ್ಲ ಮಂಚದಿಂದ ಮಂಚಕ್ಕೆ ಬಿತ್ತರಿಸುವ ಅವನಿಗೆ ರೋಗಿಗಳು ಇಟ್ಟ ಹೆಸರು ರೇಡಿಯೋ.

“ಇವತ್ತೂ ಆಪರೇಷನ್ ಗೋತಾ!” ಎಂದ ರೇಡಿಯೋ. “ಸಾಮಾನು ಬೇಯಿಸೋ ಯಂತ್ರ ಕೆಟ್ಟಿದೆ. ಹಬೆ ನಿಲ್ತಾನೇ ಇಲ್ಲ. ಸರ್ಜನ್ ಸಾಹೇಬ್ರು ಬ್ಯಾಗ್ ಹಿಡ್ಕೊಂಡು ಗೇಟ್ ಕಡೆ ಹೋದ್ರು, ಕಣ್ಣಾರೆ ಕಂಡೆ.”

ಕತ್ತರಿ ಚಿಮುಟಗಳನ್ನೆಲ್ಲ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡದೆ ಯಾರ ಹೊಟ್ಟೆಯನ್ನೂ ಕೊಯ್ಯುವಂತಿಲ್ಲ, ಅಷ್ಟು ಎಲ್ಲರಿಗೂ ಗೊತ್ತಿತ್ತು. ಸೌಟಣ್ಣ ಹೆಂಡತಿಯ ಮುಖ ನೋಡಿದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಗುಳಿ ಬಿದ್ದು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ. ವಾರ್ಡಿನ ಹಿಂದೆ ರೋಗಿಗಳ ಕಡೆಯವರು ಒಲೆ ಹಚ್ಚುವ ಚಪ್ಪರದಲ್ಲಿ ಹಾಲು ಹಾಕಿ ಗಂಜಿ ಕಾಯಿಸಿ ತಂದೇಬಿಟ್ಟ.

“ಬೇಡ ರೀ. ಸಿಸ್ಟರ್ ಬರ್ಲಿ, ಕೇಳೋಣ” ಎಂದಳು ಅವಳು.

“ಅವರು ಬರೋದು ಮೂರು ಗಂಟೆಗೆ! ಎರಡು ಸಲ ಆಗಿದ್ದು ಸಾಲ್ದಾ? ಬಾಯಿ ತೆಗಿ.”

“ಸ್ವಲ್ಪ ತಾಳ್ರೀ...”

“ತಾಳಿ ತಾಳಿಯೇ ಈ ಗತಿಯಾಗಿದ್ದು. ನಾನೂರು ಜನಕ್ಕೆ ಹಾಕೋ ಕೈ ಇದು. ಹೆಂಡತಿ ಒಬ್ಬಳನ್ನ ಒಣಗಿಸಿ ಕೂರಿಸ್ಬೇಕಾ? ತೆಗಿ ಅಂದ್ರೆ.”

ಅವಳು ಅವನನ್ನು ಒಂದು ಗಳಿಗೆ ನೋಡಿ ಬಾಯಿ ತೆರೆದಳು. ಅವನು ಚಮಚ ಚಮಚವಾಗಿ ಊದಿ ಊದಿ ಕುಡಿಸಿದ. ಇನ್ನೊಂದು, ಇದೊಂದೇ ಇನ್ನೊಂದು. ಅರ್ಧ ಬಟ್ಟಲು ಒಳಗೆ ಹೋಗುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತು. ತಿಂಗಳಲ್ಲಿ ಮೊದಲ ಬಾರಿಗೆ ಸೌಟಣ್ಣನ ಎದೆ ಹಗುರವಾಯಿತು.

ಬಟ್ಟಲು ತೊಳೆಯಲು ನಲ್ಲಿಯ ಹತ್ತಿರ ಹೋದರೆ, ಪಕ್ಕದ ಕೋಣೆಯಿಂದ ಬುಸ್ಸೆಂದು ಹಬೆ. ಇಣುಕಿ ನೋಡಿದ. ಎದೆಮಟ್ಟದ ಕಬ್ಬಿಣದ ಯಂತ್ರ. ಅದರ ಮುಚ್ಚಳದ ಸುತ್ತ ಎಂಟು ತಿರುಪು, ಇಬ್ಬರು ಬೆವರು ಸುರಿಸುತ್ತ ಅದರ ಜೊತೆ ಗುದ್ದಾಡುತ್ತಿದ್ದಾರೆ. ಸೌಟಣ್ಣನಿಗೆ ನಗು ಬಂತು. ಇದು ಕುಕ್ಕರ್ ಅಲ್ಲದೆ ಮತ್ತೇನು? ಕ್ಯಾಂಟೀನಿನಲ್ಲಿ ಇಂಥವು ಮೂರಿದ್ದವು, ಮೂರೂ ಅವನ ಕೈಯಲ್ಲೇ ಮುದಿಯಾದವು.

“ಒಂದರ ಪಕ್ಕ ಒಂದು ಬಿಗಿದ್ರೆ ಮುಚ್ಚಳ ಒಂದು ಕಡೆ ಏಳದೆ ಇನ್ನೇನಾಗುತ್ತೆ? ಸರೀರಿ ಆ ಕಡೆ” ಎಂದು ಒಳಗೆ ನುಗ್ಗಿದ. ಮುಚ್ಚಳ ತೆಗೆಸಿದ. ರಬ್ಬರ್ ಬಳೆ ಗಟ್ಟಿಯಾಗಿ ಸೆಟೆದಿತ್ತು. ಅದನ್ನು ಬಿಸಿನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಸವೆದ ಮಗ್ಗುಲು ಕೆಳಗೆ ಬರುವಂತೆ ತಿರುವಿ ಕೂರಿಸಿದ. ಆಮೇಲೆ ತಿರುಪುಗಳನ್ನು ಎದುರುಬದುರು ಬಿಗಿದ: ಈ ಕಡೆ ಒಂದು, ಆ ಕಡೆ ಒಂದು. ಒತ್ತಡದ ಮುಳ್ಳು ಏರತೊಡಗಿತು. ಎಲ್ಲಿಯೂ ಒಂದು ಎಳೆ ಹಬೆ ಆಚೆ ಬರಲಿಲ್ಲ. ಯಂತ್ರದವರು ಅವನ ಬೆನ್ನು ತಟ್ಟಿದರು, ರೇಡಿಯೋ ಶಿಳ್ಳೆ ಹಾಕಿದ. ಮುಂದಿನ ಗುರುವಾರವಾದರೂ ಇದು ಕೈಕೊಡುವುದಿಲ್ಲವಲ್ಲ ಎಂದುಕೊಂಡು ಸೌಟಣ್ಣ ಕೈ ಒರೆಸಿಕೊಂಡ. ಅವನ ಕೈ ಯಾವಾಗಲೂ ಮುಂದೆ, ಬುದ್ಧಿ ಅದರ ಹಿಂದೆ.

ಹನ್ನೊಂದಕ್ಕೆ ಹಿರಿಯ ಸಿಸ್ಟರ್ ಏದುಸಿರು ಬಿಡುತ್ತ ಬಂದರು. ಮುಖದಲ್ಲಿ ನಗು.

“ಏನಣ್ಣ, ನೀವೇ ರಿಪೇರಿ ಮಾಡಿದ್ರಂತೆ! ಸರ್ಜನ್ನು ಗೇಟ್ ಹತ್ರ ಟೀ ಕುಡೀತಾ ಕಾಯ್ತಾ ಇದ್ರು. ಲಿಸ್ಟ್ ಮತ್ತೆ ಶುರುವಾಯ್ತು. ದೊಡ್ಡ ಆಪರೇಷನ್ ಮೊದಲು, ನಿಮ್ಮವರದ್ದೇ. ಹನ್ನೆರಡಕ್ಕೆ ಟ್ರಾಲಿ ಬರುತ್ತೆ, ಬಟ್ಟೆ ಬದಲಾಯ್ಸಿ.”

ಅವರು ಹಾಗೆಯೇ ಮುಂದಿನ ವಾರ್ಡಿಗೆ ಓಡಿದರು. ಸೌಟಣ್ಣ ತೊಳೆದ ಬಟ್ಟಲನ್ನು ಮಂಚದ ಕೆಳಗೆ ತಳ್ಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ. ಇವನದು ಬಾಯಿಗೆ ಹೋದ ತುತ್ತಿನ ಗೋಳು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

“ಹೇಳ್ಬೇಡಿ” ಎಂದಳು ಹೆಂಡತಿ. ಅವಳು ಆಗಲೇ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. “ನಾನು ಇನ್ನೊಂದು ಸಲ ಆ ಎನಿಮಾ ತಗೊಳ್ಳಲ್ಲ, ಇನ್ನೊಂದು ಗುರುವಾರ ಕಾಯಲ್ಲ. ಬಾಯಿಗೆ ಬೀಗ ಹಾಕ್ಕೊಂಡಿರಿ.”

ಅವನಿಗೂ ಅದೇ ಸರಿ ಎನ್ನಿಸಿತು. ಉಪವಾಸ ಯಾಕೆ? ಕರುಳು ಖಾಲಿ ಇರಲಿ ಎಂದು ತಾನೇ? ಈಗ ಕುಡಿದ ಗಂಜಿ ಅಲ್ಲಿಯ ತನಕ ಇಳಿಯುವುದು ಸಂಜೆಗೆ. ಅಡುಗೆಯವನ ಲೆಕ್ಕದಲ್ಲಿ ಅದು ಚೆನ್ನಾಗಿಯೇ ಕೂತಿತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ನಿಂತಿದ್ದರು. ಕಾಗದದ ಮೇಲೆ ಕಣ್ಣಿಟ್ಟೇ ಕೇಳಿದರು. “ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದಾರಾ? ಕುಡಿದಿದ್ದಾರಾ?”

“ಏನೂ ಇಲ್ಲ” ಎಂದಳು ಟ್ರಾಲಿಯ ಮೇಲಿದ್ದವಳು. ಚಾದರದ ಕೆಳಗೆ ಅವಳ ಕೈ ಅವನ ಮಣಿಕಟ್ಟನ್ನು ಹಿಂಡುತ್ತಿತ್ತು.

“ನೀವು ಹೇಳಿ, ಗಂಡ ತಾನೇ?”

“ಇಲ್ಲ ಡಾಕ್ಟ್ರೇ” ಎಂದ ಸೌಟಣ್ಣ. “ಒಂದು ಹನಿ ನೀರೂ ಇಲ್ಲ.”

ಟ್ರಾಲಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಎರಡನೆಯ ಆಪರೇಷನ್ನಿನ ಮುದುಕ ಕೂತಿದ್ದ. ಹಲ್ಲಿಲ್ಲದ ಬಾಯಲ್ಲಿ ಅವನು ಅಲ್ಲಿದ್ದ ನರ್ಸಿನ ಜೊತೆ ತಕರಾರು ತೆಗೆದಿದ್ದ. “ತಾಯಿ, ನಂದು ಕಾಲಿನ ಆಪರೇಷನ್ನು. ಕಾಲಿಗೂ ಹೊಟ್ಟೆಗೂ ಏನಮ್ಮ ಸಂಬಂಧ? ಒಂದು ಲೋಟ ಟೀ ಕುಡಿದ್ರೆ ಗಂಟೇನು ಹೋಗುತ್ತೆ?”

“ಪ್ರಾಣ ಹೋಗುತ್ತೆ ತಾತ” ಎಂದಳು ನರ್ಸು. “ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಗಂಟಲು ಸಡಿಲ ಆಗುತ್ತೆ. ಹೊಟ್ಟೇಲಿ ಇರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಹೋದ ವರ್ಷ ಒಬ್ಬರು ತಿಂದಿದ್ದನ್ನ ಮುಚ್ಚಿಟ್ಟು ಬಂದು ಟೇಬಲ್ ಮೇಲೇ ಹೋಗ್ಬಿಟ್ರು. ಸುಮ್ನೆ ಕೂತ್ಕೊಳಿ.”

ಸೌಟಣ್ಣ ಎದ್ದು ನಿಂತ. ಕೂತ. ಮತ್ತೆ ಎದ್ದ. ಇಲ್ಲ, ಅವಳಿಗೆ ಏನೂ ಆಗುವುದಿಲ್ಲ, ಅರ್ಧವೇ ಬಟ್ಟಲು. ಹಾಲು ಹಾಕಿದ್ದೆನಲ್ಲ, ಮಂದ ಇತ್ತಲ್ಲ! ಅಯ್ಯೋ, ತೆಳ್ಳಗಾದರೂ ಮಾಡಬಾರದಾಗಿತ್ತೇ? ಒಳಗಿಂದ ಯಾವುದೋ ಸಾಮಾನು ಠಣ್ ಎಂದಿತು. ಅಷ್ಟೇ ಸಾಕಾಯಿತು. ಅವನು ಹೋಗಿ ಎರಡೂ ಕೈಯಿಂದ ಬಾಗಿಲು ಬಡಿದ.

“ತಿಂದಿದ್ದಾಳೆ! ಗಂಜಿ ಕುಡಿದಿದ್ದಾಳೆ! ನಾನೇ ಕುಡಿಸಿದ್ದು! ಕೊಡ್ಬೇಡಿ ಡಾಕ್ಟ್ರೇ, ಮತ್ತು ಕೊಡ್ಬೇಡಿ!”

ಬಾಗಿಲು ತೆರೆಯಿತು. ಡಾಕ್ಟರಮ್ಮನ ಕೈಯಲ್ಲಿ ಸಿರಿಂಜು ಇನ್ನೂ ಹಾಗೆಯೇ ಇತ್ತು. ಅವರು ಬೈಯಲಿಲ್ಲ. ಎಷ್ಟು ಹೊತ್ತಿಗೆ, ಎಷ್ಟು, ಹಾಲು ಹಾಕಿದ್ದಿರಾ ಎಂದಷ್ಟೇ ಕೇಳಿದರು. ಒಂಬತ್ತು ಇಪ್ಪತ್ತಕ್ಕೆ ಅರ್ಧ ಬಟ್ಟಲು, ಹಾಲು ಹಾಕಿದ್ದು. ಆರು ಗಂಟೆ ಬಿಡಬೇಕು ಎಂದರೆ ಮೂರೂ ಇಪ್ಪತ್ತು. ಇವರ ಹೊಟ್ಟೆಯಲ್ಲಿದ್ದದ್ದು ಮೊದಲೇ ಮುಂದಕ್ಕೆ ಸಾಗುತ್ತಿಲ್ಲ, ಇನ್ನೂ ಹೆಚ್ಚೇ ಬೇಕು. ಆಪರೇಷನ್ನಿಗೇ ನಾಲ್ಕು ಗಂಟೆ ಹಿಡಿಯುತ್ತದೆ. ಡಾಕ್ಟರಮ್ಮ ಐದಕ್ಕೆ ಇನ್ನೊಂದು ಆಸ್ಪತ್ರೆಗೆ ಹೋಗಬೇಕು, ಇರುವುದು ಅವರೊಬ್ಬರೇ. ಸರ್ಜನ್ ಗಡಿಯಾರವನ್ನು ಎರಡು ಸಲ ನೋಡಿದರು. ಸೌಟಣ್ಣ ಅವರ ಕಾಲಿಗೆ ಬೀಳಲು ಹೋದ.

“ಏಳಿ, ಏಳಿ. ನೀವು ಈಗ ಹೇಳದೇ ಇದ್ದಿದ್ರೆ ಇವರ ಪ್ರಾಣ ಇಲ್ಲೇ ಹೋಗ್ಬಿಡಬಹುದಿತ್ತು” ಎಂದರು ಸರ್ಜನ್. “ಮುಂದಿನ ಸರದಿಗೆ ಇವರದ್ದೇ ಮೊದಲು. ಮಂಚ ಬಿಡ್ಬೇಡಿ, ಇಲ್ಲೇ ಇರಿ. ಹೊಟ್ಟೆ ಉಬ್ಬಿದ್ರೆ, ವಾಂತಿ ಆದ್ರೆ, ತಕ್ಷಣ ಡ್ಯೂಟಿ ಡಾಕ್ಟರಿಗೆ ತಿಳಿಸಿ.”

ಟ್ರಾಲಿ ತಿರುಗಿತು. ಮುದುಕನನ್ನು ಒಳಗೆ ಕರೆದುಕೊಂಡರು. ವಾರ್ಡಿನ ತನಕ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಮಂಚಕ್ಕೆ ಬಂದ ಮೇಲೆ ಗೋಡೆಯ ಕಡೆ ಹೊರಳಿದವಳು ಆ ದಿನವಿಡೀ ಅವನ ಕಡೆ ತಿರುಗಲಿಲ್ಲ. ಕತ್ತರಿಯಂಥ ನಾಲಿಗೆಯವಳು ಒಂದು ಮಾತು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಹದಿನೈದು ದಿನ ದಾಟಿಸಬೇಕಿತ್ತು, ಅಷ್ಟೇ. ಸೌಟಣ್ಣ ಪ್ರತಿದಿನ ಬೆಳಿಗ್ಗೆ ಅವಳ ಹೊಟ್ಟೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದ. ಮೆತ್ತಗಿದೆ, ಸರಿ. ಗಾಳಿ ಹೋಯಿತಾ? ಹೋಯಿತು, ಸರಿ. ಊಟದ ವಿಷಯದಲ್ಲಿ ಸಿಸ್ಟರ್ ಬರೆದುಕೊಟ್ಟದ್ದಕ್ಕಿಂತ ಒಂದು ಚಮಚ ಹೆಚ್ಚಿಲ್ಲ. ಅವಳು ಕೇಳಿದರೂ ಕೊಡುತ್ತಿರಲಿಲ್ಲ, ಅವಳು ಕೇಳುತ್ತಲೂ ಇರಲಿಲ್ಲ. ಐದು ದಿನ, ಆರು, ಏಳು. ಎಂಟನೆಯ ದಿನ ಹೊಟ್ಟೆ ಕಲ್ಲಾಯಿತು, ಅವನು ಓಡಿಹೋಗಿ ಡ್ಯೂಟಿ ಡಾಕ್ಟರಿಗೆ ತಿಳಿಸಿದ. ಒಂಬತ್ತನೆಯ ದಿನ ಮಧ್ಯಾಹ್ನ ಕುಡಿದ ನೀರೆಲ್ಲ ಹಸಿರಾಗಿ ವಾಂತಿಯಾಯಿತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಇನ್ನೂ ಮೀಸೆ ಬಲಿಯದ ಹುಡುಗ. ಬೆವರುತ್ತಲೇ ಫೋನಿನಲ್ಲಿ ಸರ್ಜನ್ನರನ್ನು ಕೇಳಿ ಕೇಳಿ ಹೊಟ್ಟೆ ತೆರೆದ, ಕರುಳನ್ನು ಎತ್ತಿ ಹೊಟ್ಟೆಯ ಮೇಲೆ ಬಾಯಿ ಮಾಡಿ ಮಲ ಹೋಗಲು ಚೀಲ ಅಂಟಿಸಿದ. ಪ್ರಾಣ ಉಳಿಯಿತು. ಆದರೆ ಅಷ್ಟು ಹೊತ್ತಿಗೆ ಗೆಡ್ಡೆ ಬಿರಿದಿತ್ತು.

ಗುರುವಾರ ಬಂದ ಸರ್ಜನ್ ಕಾಗದಗಳನ್ನು ನಿಂತೇ ಓದಿದರು. ಆಮೇಲೆ ಸೌಟಣ್ಣನನ್ನು ವರಾಂಡಕ್ಕೆ ಕರೆದು ಬೆಂಚಿನಲ್ಲಿ ಕೂರಿಸಿ ತಾವೂ ಕೂತರು.

“ಒಡೆದು ಒಳಗೆಲ್ಲ ಚೆಲ್ಲಿದೆ. ಬೇರೆ ಕಡೆ ಅಂಟ್ಕೊಂಡಿದೆ. ಇನ್ನು ತೆಗೆದು ಗುಣ ಮಾಡ್ತೀನಿ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ನೋವಿಗೆ ಔಷಧಿ ಕೊಡ್ತೀವಿ. ಗೆಡ್ಡೆ ಬೆಳೆಯೋದನ್ನ ನಿಧಾನ ಮಾಡೋ ಡ್ರಿಪ್ ಇದೆ, ಸಿಕ್ಕಿದಷ್ಟು ಸಲ ಹಾಕ್ತೀವಿ.”

“ಆವತ್ತು ಆಗಿದ್ದಿದ್ರೆ?”

ಸರ್ಜನ್ ಕಾಗದಗಳನ್ನು ಮಡಚಿದರು. “ಎರಡು ವರ್ಷ ತಡವಾದದ್ದು ದೊಡ್ಡ ತಪ್ಪು. ಅದು ನಿಮ್ಮೊಬ್ಬರದ್ದಲ್ಲ. ನೋಡದೇ ಹೂಂ ಅಂದ ಡಾಕ್ಟರದ್ದು, ರಕ್ತ ಇಲ್ಲದ ನಮ್ಮ ಆಸ್ಪತ್ರೇದು.”

“ಆವತ್ತು ಆಗಿದ್ದಿದ್ರೆ ಡಾಕ್ಟ್ರೇ?”

“ಆವತ್ತು ಆಗಿದ್ದಿದ್ರೆ ತೆಗೀಬಹುದಿತ್ತು” ಎಂದರು ಅವರು.

ಸೌಟಣ್ಣ ವಾರ್ಡಿಗೆ ಹೋಗುವ ಮುನ್ನ ನಲ್ಲಿಯ ಹತ್ತಿರ ಮುಖ ತೊಳೆದ. ಎರಡು ಸಲ ತೊಳೆದ. ಮಂಚದ ಹತ್ತಿರ ಹೋಗಿ ನಿಂತಾಗ ಅವಳು ಅವನ ಕಡೆಗೇ ತಿರುಗಿ ಮಲಗಿದ್ದಳು.

“ಏನಂತೆ?”

“ಡ್ರಿಪ್ ಹಾಕ್ತಾರಂತೆ.”

“ಅದಲ್ಲ ನಾನು ಕೇಳಿದ್ದು.”

“ತೆಗೆಯೋಕಾಗಲ್ವಂತೆ ಕಣೇ” ಎಂದ. ಅಷ್ಟು ಹೇಳಿ ಮಂಚದ ಕಬ್ಬಿಣ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಪಕ್ಕದ ಮಂಚದವರು ಮುಖ ತಿರುಗಿಸಿಕೊಂಡರು. “ನಾನೇ ಕೊಂದೆ. ಗಂಜಿ ಹೊಯ್ದು ಕೊಂದೆ. ಆ ಹಾಳು ಯಂತ್ರ ಯಾಕಾದ್ರೂ ಮುಟ್ಟಿದ್ನೋ. ಬಾಗಿಲು ಬಡೀದೇ ಇದ್ದಿದ್ರೂ...”

“ಯಾಕೆ ಬಡಿದ್ರಿ?”

“ನೀನು ಸತ್ತುಹೋಗ್ತಿದ್ದೆ!”

“ಆವತ್ತು ಸಾಯ್ತಿದ್ನೋ ಇಲ್ವೋ ಗೊತ್ತಿಲ್ಲ” ಎಂದಳು ಅವಳು. “ಈಗ ಗೊತ್ತಾಯ್ತಲ್ಲ.”

ಅವಳಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನಿಂತು ನಿಂತು ಹೇಳಿದಳು.

“ಇದನ್ನ ಹೇಳ್ಬಾರ್ದು ಅಂದ್ಕೊಂಡಿದ್ದೆ. ಹೇಳದೇ ಇದ್ರೆ ಒಳಗೇ ಕೊಳೆಯುತ್ತೆ. ನಂಗೆ ಆವತ್ತು ಹಸಿವೇ ಇರ್ಲಿಲ್ಲ ರೀ. ಎರಡು ದಿನ ಆದ್ಮೇಲೆ ಹಸಿವು ಸತ್ತೇಹೋಗಿತ್ತು. ಬಟ್ಟಲು ಹಿಡ್ಕೊಂಡು ನಿಂತಿದ್ರಲ್ಲ, ಆ ಮುಖ ನೋಡೋಕಾಗ್ಲಿಲ್ಲ. ಅದಕ್ಕೇ ಬಾಯಿ ತೆಗೆದೆ.”

ಅವಳು ಕೈ ಚಾಚಿ ಅವನ ಅಂಗಿಯ ತುದಿ ಹಿಡಿದು ಎಳೆದು ಮಂಚದ ಮೇಲೆ ಕೂರಿಸಿಕೊಂಡಳು.

“ನಾಳೆ ಮಗಳನ್ನ ಕರ್ಕೊಂಬನ್ನಿ. ಅವಳಿಗೆ ನಾನೇ ಹೇಳ್ತೀನಿ. ದಾರೀಲಿ ನೀವು ಬಾಯಿ ಬಿಡ್ಬೇಡಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ನಿಜ ಸರಿಯಾದ ಹೊತ್ತಿಗೆ ಹೇಳೋಕೂ ಬರಲ್ಲ.”

ಅವನು ಆಗಲಿ ಎಂದು ತಲೆಯಾಡಿಸಿದ.